ಡಬ್ಬಿಯಲ್ಲಿ ಬಂದ ಹೊಳೆ

ನನಗೆ ಈಜು ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಯಾರೇ ಸಿಕ್ಕರೂ ನಾನು ಇದನ್ನು ಮೊದಲೇ ಹೇಳುತ್ತೇನೆ ಅಂತ ಮನೆಯಲ್ಲಿ ನನಗೆ ಹೆಸರಿದೆ. ಐನಾಪುರದಲ್ಲಿ ನನ್ನ ತವರಿನ ದ್ರಾಕ್ಷಿ ತೋಟಕ್ಕೆ ಹೊಂದಿಕೊಂಡು ಒಂದು ಬಾವಿ ಇದೆ. ಬೆನ್ನಿಗೆ ತೇಲುವ ಬೆಂಡು ಕಟ್ಟಿ ಅಪ್ಪ ನನ್ನನ್ನು ಅದರೊಳಗೆ ನೂಕಿದಾಗ ನನಗೆ ಹಾಲುಹಲ್ಲು ಬೀಳುತ್ತಿದ್ದವು. ಕುಡಿಯಬಾರದಷ್ಟು ನೀರು ಕುಡಿದೆ, ಅಳುತ್ತ ಅಪ್ಪನನ್ನು ಬೈದೆ. ಆ ಬೇಸಿಗೆ ಮುಗಿಯುವುದರೊಳಗೆ ಬೆಂಡು ಬಿಚ್ಚಿ ಎಸೆದು, ಅಣ್ಣಂದಿರಿಗಿಂತ ಮೊದಲು ಬಾವಿಯ ಆಚೆ ಗೋಡೆ ಮುಟ್ಟುತ್ತಿದ್ದೆ. ಇಂಥ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು ನೀರು ಕಂಡರೆ ಬೆಚ್ಚುತ್ತಾಳೆ ಅಂದರೆ ಅದನ್ನು ಸುಮ್ಮನೆ ಒಪ್ಪಿಕೊಂಡು ಕೂರುವವಳು ನಾನಲ್ಲ.

ಅವಳು ಮೊದಲು ಹಾಗಿರಲಿಲ್ಲ. ಅಲಖನೂರಿನಲ್ಲಿ ನಮ್ಮ ಮನೆ ಇರುವುದು ಹೊಲದಲ್ಲಿ. ಮನೆಗೂ ಊರಿಗೂ ನಡುವೆ ಕ್ಯಾನಲ್ ಹರಿಯುತ್ತದೆ, ಅದರ ಮೇಲೊಂದು ಕಿರಿದಾದ ಸೇತುವೆ. ಸೇತುವೆಯ ಒಂದು ಬದಿಗೆ ಕಬ್ಬಿಣದ ಕಂಬಿ ಇದೆ, ಇನ್ನೊಂದು ಬದಿಯದು ಯಾವ ಕಾಲಕ್ಕೋ ಮುರಿದುಹೋಗಿದೆ. ಕಳೆದ ಮಳೆಗಾಲದಲ್ಲಿ ಗೆಳತಿಯರ ಜೊತೆ ಶಾಲೆಯಿಂದ ಬರುತ್ತ ಮಗಳು ಕ್ಯಾನಲ್ ದಂಡೆಯಲ್ಲಿ ಕಾಲು ಜಾರಿ ಒಳಗೆ ಬಿದ್ದಳು. ನಮ್ಮ ಯಜಮಾನರು ಅಲ್ಲೇ ಪಂಪಿನ ಹತ್ತಿರ ಇದ್ದರು. ಓಡಿ ಹೋಗಿ ಜಡೆ ಹಿಡಿದು ಎಳೆದುಕೊಂಡರು. ಗಾಯವಿಲ್ಲ, ಜ್ವರವಿಲ್ಲ, ಸಂಜೆಗೆ ಅವಳು ಬಿಸಿ ರೊಟ್ಟಿ ತಿಂದು ಮಲಗಿದಳು. ಆದರೆ ಮರುದಿನ ಬೆಳಿಗ್ಗೆ ಸೇತುವೆಯ ಹತ್ತಿರ ಹೋಗಿ ನಿಂತವಳು ಅಲ್ಲಿಂದ ಮುಂದೆ ಒಂದು ಹೆಜ್ಜೆ ಇಡಲಿಲ್ಲ.

ಅಂದಿನಿಂದ ಅವಳಪ್ಪ ಅವಳನ್ನು ಗಾಡಿಯ ಮೇಲೆ ಕೂರಿಸಿಕೊಂಡು ಡಾಂಬರು ರಸ್ತೆಯ ದೊಡ್ಡ ಸೇತುವೆ ಸುತ್ತಿ ಶಾಲೆಗೆ ಬಿಟ್ಟು ಬರುತ್ತಿದ್ದರು. ಆಗಲೂ ನೀರು ಬಂದ ಕೂಡಲೇ ಅಪ್ಪನ ಬೆನ್ನಿಗೆ ಮುಖ ಒತ್ತಿ ಕಣ್ಣು ಮುಚ್ಚುತ್ತಿದ್ದಳಂತೆ. ಮೊದಲೆಲ್ಲ ಅಕ್ಕಪಕ್ಕದ ಹೊಲಮನೆಗಳ ಹುಡುಗಿಯರು ನಮ್ಮ ಗೇಟಿನ ಮುಂದೆ ನಿಂತು ಅವಳ ಹೆಸರು ಹಿಡಿದು ಕೂಗುತ್ತಿದ್ದರು. ಕೆಲವು ದಿನ ಕೂಗಿದರು, ಆಮೇಲೆ ಬಿಟ್ಟರು. ಅವರು ನಗುತ್ತ ಸೇತುವೆ ದಾಟುವುದನ್ನು ಮಗಳು ಕಿಟಕಿಯಿಂದ ನೋಡುತ್ತ ನಿಲ್ಲುತ್ತಿದ್ದಳು. ಐದನೇ ತರಗತಿಯ ಹುಡುಗಿಗೆ ಶಾಲೆ ಅಂದರೆ ಅರ್ಧ ಆ ದಾರಿಯೇ ಅಲ್ಲವೇ? ಅದನ್ನು ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತಿತ್ತು. ನನ್ನ ಸ್ವಭಾವ ಹಾಗೆ, ದುಃಖವೂ ಸಿಟ್ಟಿನ ಬಾಗಿಲಿನಿಂದಲೇ ಒಳಗೆ ಬರುತ್ತದೆ.

ಕ್ಯಾಂಪಿಂಗ್ ಅನ್ನುವ ಮಾತು ತಂದವನು ಮಗ. ಎರಡನೇ ತರಗತಿಯವನು. ಮೊಬೈಲಿನಲ್ಲಿ ಯಾರೋ ನೀರಿನ ದಂಡೆಯಲ್ಲಿ ಟೆಂಟು ಹೊಡೆದು ಅಡುಗೆ ಮಾಡುವುದನ್ನು ನೋಡಿ, ಅದೇ ಬೇಕು ಅಂತ ನೆಲಕ್ಕೆ ಬಿದ್ದು ಹೊರಳಾಡಿದ. ನನಗೆ ತಕ್ಷಣ ದಾರಿ ಕಂಡಿತು. ದಿಗ್ಗೇವಾಡಿಯಲ್ಲಿ ನಮ್ಮ ಅತ್ತೆಯ ತವರಿದೆ. ಅವರ ತಮ್ಮನ ಹೊಲ ಕೃಷ್ಣೆಯ ದಂಡೆಗೇ ಹತ್ತಿದೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹೊರಟರೆ ಭಾನುವಾರ ಸಂಜೆಯವರೆಗೆ ಹೊಳೆಯ ಹತ್ತಿರವೇ ಇರಬಹುದು. ಅಷ್ಟರೊಳಗೆ ಮಗಳನ್ನು ನೀರಿಗಿಳಿಸುತ್ತೇನೆ ಅಂತ ಯಜಮಾನರಿಗೆ ಹೇಳಿದೆ.

"ಇಳೀಲಿಲ್ಲಂದ್ರ?" ಅಂದರು.

"ಇಳೀತಾಳ್ರಿ. ನಾ ಅದೀನಲ್ಲ," ಅಂದೆ.

ಅತ್ತೆಗೆ ಮೊದಲು ಇದು ಹಿಡಿಸಲಿಲ್ಲ. "ಮನಿಮಾರು ಇದ್ದವರು ಬಯಲಾಗ ಯಾಕ ಮಲಗಬೇಕವಾ? ನಾವೇನ ಕಬ್ಬ ಕಡಿಯೂ ಗ್ಯಾಂಗಿನವರ?" ಅಂದರು. ಹೋಗುವುದು ದಿಗ್ಗೇವಾಡಿಗೆ ಅಂತ ತಿಳಿದದ್ದೇ ತಡ, ಎಲ್ಲರಿಗಿಂತ ಮೊದಲು ಅವರ ಚೀಲ ತುಂಬಿತು. ಆ ಚೀಲದಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ನೀರು ಸೋಸುವ ಬಟ್ಟೆ. ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಅತ್ತೆ ಒಂದು ಗುಟುಕು ನೀರನ್ನೂ ಬಾಯಿಗೆ ಹಾಕುವುದಿಲ್ಲ. ಸೋಸದ ನೀರನ್ನಂತೂ ಹಗಲಿನಲ್ಲೂ ಮುಟ್ಟುವುದಿಲ್ಲ. ಮಷೀನಿನಲ್ಲಿ ಶುದ್ಧ ಮಾಡಿದ ನೀರಿನ ಕ್ಯಾನ್ ಒಯ್ಯೋಣ ಅಂದೆ.

"ನಿಮಗ ಒಯ್ರಿ. ನಾ ನನ್ನ ತವರಿನ ಹೊಳಿ ನೀರ ಸೋಸಿ ಕಾಸಿ ಕುಡಿತೇನಿ," ಅಂದರು.

ಫೆಬ್ರವರಿ ತಿಂಗಳು, ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಮರಾಠಿ ಹಾಡು ಹಚ್ಚಿಕೊಂಡು ರಸ್ತೆಯ ನಟ್ಟನಡುವೆ ಹೋಗುತ್ತಿದ್ದವು. ಅವುಗಳ ಹಿಂದೆ ಕಾರಿನಲ್ಲಿ ತೆವಳುತ್ತ ರಾಯಬಾಗ ದಾಟಿ ದಿಗ್ಗೇವಾಡಿ ಮುಟ್ಟಿದಾಗ ಬಿಸಿಲು ಇಳಿಯತೊಡಗಿತ್ತು. ಟೆಂಟಿನ ಕಥೆ ಹೇಳುವಂಥದ್ದೇನೂ ಅಲ್ಲ. ಯಜಮಾನರು ಮೊಬೈಲ್ ನೋಡುತ್ತ ಒಂದು ಕಡ್ಡಿ ಈ ಕಡೆ ಸಿಕ್ಕಿಸಿದರೆ ಆ ಕಡೆಯದು ಏಳುತ್ತಿತ್ತು. ಅತ್ತೆಯ ತಮ್ಮ ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಆಮೇಲೆ ಹೋಗಿ ನಾಲ್ಕು ಬಿದಿರು, ಮೇಲೆ ಹೊದಿಸಲು ಒಂದು ತಾಡಪತ್ರಿ ತಂದು, ನಾವು ಚಹಾ ಕುಡಿಯುವುದರೊಳಗೆ ಒಂದು ಅಂಕಣದ ಮನೆಯಷ್ಟು ನೆರಳು ಕಟ್ಟಿಬಿಟ್ಟರು. ಮಗ ಅದನ್ನೇ ಟೆಂಟು ಅಂತ ಒಪ್ಪಿಕೊಂಡ.

ಹೊಳೆ ಅಲ್ಲಿ ಅಗಲವಾಗಿ, ಸಮಾಧಾನವಾಗಿ ಹರಿಯುತ್ತದೆ. ಊರಿನವರು ಬಟ್ಟೆ ಒಗೆಯುವ, ದನ ಮೈತೊಳೆಯುವ ಜಾಗ. ದಂಡೆಯ ಹತ್ತಿರ ಮೊದಲು ಎಮ್ಮೆಗಳು ತುಳಿದ ಕೆಸರು ಗುಂಡಿ, ಅಲ್ಲಿ ನೀರು ನಿಂತಿರುತ್ತದೆ. ಅದನ್ನು ದಾಟಿದರೆ ಗಟ್ಟಿ ಮರಳು. ಅಲ್ಲಿಂದ ಮುಂದೆ ಹರಿವು. ಮೊಸಳೆಯ ಮಾತು ನಾನೇ ಕೇಳಿದೆ. "ಮೊಸಳಿ ಇರೂದು ಕೆಳಗ ಮಡುವಿನ್ಯಾಗ್ರಿ. ಇಲ್ಲೆ ಇಡೀ ಊರ ಇಳೀತೈತಿ, ನೀರ ಟೊಂಕದ ಮ್ಯಾಲ ಬರಂಗಿಲ್ಲ," ಅಂದರು ಅತ್ತೆಯ ತಮ್ಮ. ನನಗೆ ಅಷ್ಟು ಸಾಕಾಗಿತ್ತು.

ನಾನು ಐನಾಪುರದಿಂದ ಬೆಂಡು ತರಿಸಿದ್ದೆ. ಮಗಳ ಬೆನ್ನಿಗೆ ಕಟ್ಟಿದೆ, ಗಂಟು ಬಿಗಿ ಮಾಡಿದೆ, ಕೈ ಹಿಡಿದು ಕರೆದೊಯ್ದೆ. ಕೆಸರು ಗುಂಡಿಯ ಅಂಚಿಗೆ ಬಂದು ಅವಳು ನಿಂತಳು.

"ಬರಂಗಿಲ್ಲ ಮಮ್ಮಿ."

"ನಾ ಕೈ ಹಿಡಿದೀನಿ. ಬೆಂಡ ಐತಿ. ಮುಳಗಾಕ ಸಾಧ್ಯನ ಇಲ್ಲ."

"ಗೊತ್ತೈತಿ. ಆದ್ರೂ ಬರಂಗಿಲ್ಲ."

ಅಳಲಿಲ್ಲ, ಹಟ ಮಾಡಲಿಲ್ಲ. ಕೈ ಬಿಡಿಸಿಕೊಂಡು ಅಲ್ಲೇ ಕೂತಳು. ನಾನು ನೀರಿಗೆ ಹಾರಿ ಆ ಕಡೆ ಈ ಕಡೆ ಈಜಿ ತೋರಿಸಿದೆ. ಬೆನ್ನ ಮೇಲೆ ಮಲಗಿ ತೇಲಿದೆ. ಮಗ ಚಪ್ಪಾಳೆ ತಟ್ಟಿದ. ಬಟ್ಟೆ ಒಗೆಯುತ್ತಿದ್ದ ಹೆಂಗಸರೂ ನಿಂತು ನೋಡಿದರು. ಮಗಳು ಮಾತ್ರ ಬೆನ್ನ ಮೇಲೆ ಬೆಂಡು ಹೊತ್ತು ದಂಡೆಯಲ್ಲಿ ಕೂತು ಮಣ್ಣಿನ ಮೇಲೆ ಗೆರೆ ಎಳೆಯುತ್ತಿದ್ದಳು.

ಅತ್ತೆ ಇದಾವುದಕ್ಕೂ ಬಾಯಿ ಹಾಕಲಿಲ್ಲ. ಮಗಳನ್ನು ಕರೆದು, "ಬಾ ಇಲ್ಲೆ. ನೀರ ಸೋಸೂದು ಕಲಸ್ತೇನಿ, ಇವತ್ತಿಂದ ಈ ಕೆಲಸ ನಿಂದು," ಅಂದರು. ಅವರ ತಮ್ಮ ಹರಿವಿನಲ್ಲಿ ನಿಂತು ಕೊಡ ತುಂಬಿ ತಂದರು. ದಪ್ಪ ಬಟ್ಟೆಯನ್ನು ಎರಡು ಪದರ ಮಾಡಿ ಪಾತ್ರೆಯ ಬಾಯಿಗೆ ಹಾಸಬೇಕು, ನೀರನ್ನು ಸಣ್ಣ ಧಾರೆಯಲ್ಲಿ ಹೊಯ್ಯಬೇಕು. ಅಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ಬಟ್ಟೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ಬಂದ ಜಾಗಕ್ಕೇ ಮುಟ್ಟಿಸಬೇಕು. ಬಟ್ಟೆಯನ್ನು ಹಿಂಡದೆ ಹೊರಳಿಸಿ, ಸೋಸಿದ ನೀರನ್ನೇ ಅದರ ಮೇಲೆ ಹೊಯ್ದು, ಆ ನೀರನ್ನು ಒಂದು ಸ್ಟೀಲಿನ ಡಬ್ಬಿಗೆ ಇಳಿಸಿ, ಮತ್ತೆ ಹೊಳೆಗೆ ಬಿಡಬೇಕು.

"ಮ್ಯಾಲಿಂದ ಚೆಲ್ಲಬಾರದವಾ," ಅಂದರು ಅತ್ತೆ. "ಡಬ್ಬಿ ನೀರಿಗೆ ಹಚ್ಚಿ, ಹಳೂಕ ಬಗ್ಗಸಬೇಕು. ಅವಕ್ಕೂ ಪೆಟ್ಟ ಹತ್ತತೈತಿ."

ಮಗಳು ಇದನ್ನು ಎಷ್ಟು ಲಕ್ಷ್ಯವಿಟ್ಟು ಕಲಿತಳೆಂದರೆ ನನಗೇ ಆಶ್ಚರ್ಯವಾಯಿತು. ನನಗೆ ಮದುವೆಯಾದ ಹೊಸತರಲ್ಲಿ ಇದನ್ನೇ ಹೇಳಿಕೊಟ್ಟಾಗ ನಾನು ಹೂಂ ಹೂಂ ಅಂತ ತಲೆ ಆಡಿಸಿದ್ದೆ, ಅಷ್ಟೆ. ಇವಳು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತು, ಅಜ್ಜಿಯ ತಮ್ಮ ಬಂದು ತೆಗೆದುಕೊಂಡು ತೊಡೆಮಟ್ಟದ ನೀರಿಗೆ ಇಳಿದು ಬಗ್ಗಿಸುವವರೆಗೂ ಕಣ್ಣು ಕೀಳಲಿಲ್ಲ. "ಬಿಟ್ಟಿರೇನ್ರಿ? ಎಲ್ಲಾ ಹೋದವೇನ್ರಿ?" ಅಂತ ದಂಡೆಯಿಂದಲೇ ಕೂಗಿ ಕೇಳುತ್ತಿದ್ದಳು.

ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿದೆವು. ಜೋಳದ ರೊಟ್ಟಿ, ಉಳ್ಳಾಗಡ್ಡಿ ಇಲ್ಲದ ಝುಣಕ, ಬೇಳೆ ಸಾರು, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಹೊಳೆಯ ನೀರಿನಲ್ಲಿ ಬೇಳೆ ಬೆಣ್ಣೆಯಂತೆ ಬೆಂದಿತ್ತು. ಅತ್ತೆ ಒಂದು ರೊಟ್ಟಿ ಹೆಚ್ಚಿಗೆ ತಿಂದರು. ರಾತ್ರಿ ಎಲ್ಲರೂ ಮಲಗಿದೆವು, ಸೊಳ್ಳೆಗಳನ್ನು ಬಿಟ್ಟರೆ ಹೇಳುವಂಥದ್ದೇನೂ ನಡೆಯಲಿಲ್ಲ.

ಭಾನುವಾರ ನಾನು ಟ್ರ್ಯಾಕ್ಟರಿನ ಟ್ಯೂಬಿಗೆ ಗಾಳಿ ತುಂಬಿಸಿ ತಂದೆ. ಮಗ ಅದರಲ್ಲಿ ಕೂತು ರಾಜನಂತೆ ತೇಲಿದ. ಮಗಳು ಬರಲಿಲ್ಲ. ಕಡೆಗೆ ಆಸೆ ಹಚ್ಚಿ ನೋಡಿದೆ. ಮೊಣಕಾಲುಮಟ್ಟ ಇಳಿದರೂ ಸಾಕು, ಹೊಸ ಸೈಕಲ್ ಕೊಡಿಸುತ್ತೇನೆ ಅಂದೆ.

"ಸೈಕಲ್ ತಗೊಂಡ ಎಲ್ಲೆ ಹೋಗ್ಲಿ ಮಮ್ಮಿ? ಕ್ಯಾನಲ್ ದಾಟಬೇಕಲ್ಲ," ಅಂದಳು.

ನನಗೆ ರೇಗಿತು. "ಹಂಗಾರ ಜೀವನಪೂರ್ತಿ ನಿಮ್ಮಪ್ಪನ ಬೆನ್ನಿಗೆ ಅಂಟಕೊಂಡ ಇರ!" ಅಂತ ಕೂಗಿದೆ. ಮಗಳು ಎದ್ದು ಹೋಗಿ ಅಜ್ಜಿಯ ಪಕ್ಕ ಕೂತಳು. ಅತ್ತೆ ನನ್ನ ಕಡೆ ನೋಡಿ, "ಬಿಡವಾ. ನೀರ ಎಲ್ಲೂ ಓಡಿ ಹೋಗಂಗಿಲ್ಲ," ಅಂದರು. ನಾನು ಸೋತಿದ್ದೆ. ಸೋಲು ನನಗೆ ಚೆನ್ನಾಗಿ ಒಗ್ಗುವುದಿಲ್ಲ. ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತ, ಕೈಗೆ ಸಿಕ್ಕದ್ದನ್ನೆಲ್ಲ ಬುಟ್ಟಿಗೆ ತುಂಬಿ, ಎಲ್ಲರನ್ನೂ ಅವಸರ ಮಾಡಿ ಕಾರು ಹತ್ತಿಸಿದೆ. ಅತ್ತೆಯ ತಮ್ಮ ಬೆಳಿಗ್ಗೆಯೇ ಕೊಡ ತುಂಬಿಟ್ಟು ಕಬ್ಬಿಗೆ ನೀರು ಬಿಡಲು ಹೋದವರು ಇನ್ನೂ ಬಂದಿರಲಿಲ್ಲ. ಫೋನಿನಲ್ಲೇ ಹೇಳಿ ಹೊರಟೆವು.

ರಾಯಬಾಗ ದಾಟಿದ ಮೇಲೆ ಒಂದು ಚಹಾದ ಅಂಗಡಿಯ ಮುಂದೆ ನಿಲ್ಲಿಸಿದೆವು. ಮಗನಿಗೆ ಚಕ್ಕುಲಿ ನೆನಪಾಯಿತು. ಬುಟ್ಟಿಗೆ ಕೈ ಹಾಕಿ ಒಂದು ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ.

"ಅಕ್ಕಾ, ಇದರಾಗ ಬರೇ ನೀರ ಐತಿ! ಚೆಲ್ಲಲೇನ?"

"ಚೆಲ್ಲಬ್ಯಾಡೋ!" ಅಂತ ಮಗಳು ಚೀರಿದ ರೀತಿಗೆ ಅಂಗಡಿಯವನೂ ಹೊರಗೆ ಬಂದ. ಡಬ್ಬಿ ಕಸಿದುಕೊಂಡು ಎದೆಗೆ ಹಿಡಿದು ನಿಂತಳು. ಬೆಳಿಗ್ಗೆ ನೀರು ಸೋಸಿದಾಗ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಇಳಿಸಿದ ಡಬ್ಬಿ ಅದು. ಹೊಳೆಗೆ ಬಿಡಲು ಅಜ್ಜಿಯ ತಮ್ಮ ಬರಲಿ ಅಂತ ಮುಚ್ಚಳ ಹಾಕಿ ನೆರಳಿನಲ್ಲಿ ಇಟ್ಟಿದ್ದಳು. ಅವರು ಬರಲಿಲ್ಲ. ನನ್ನ ಗದ್ದಲದಲ್ಲಿ ಅವಳಿಗೆ ಮರೆತುಹೋಯಿತು. ಡಬ್ಬಿ ಬುಟ್ಟಿ ಸೇರಿತ್ತು.

"ಮನಿಗೆ ಹೋಗಿ ಕ್ಯಾನಲ್‌ದಾಗ ಬಿಟ್ಟರಾತು," ಅಂದರು ಯಜಮಾನರು.

"ಇಲ್ಲಂದ್ರ ನಮ್ಮ ಬಾವ್ಯಾಗ," ಅಂದೆ ನಾನು.

ಮಗಳು ನಮ್ಮಿಬ್ಬರ ಕಡೆ ನೋಡಲೂ ಇಲ್ಲ. "ಆಯಿ, ಬಾವ್ಯಾಗ ಬಿಟ್ಟರ ನಡೀತೈತೇನ?" ಅಂತ ಅಜ್ಜಿಯನ್ನು ಕೇಳಿದಳು.

ಸುಳ್ಳು ಹೇಳುವುದು ಅತ್ತೆಗೆ ಬರುವುದಿಲ್ಲ. "ಹೊಳೀವು ಹೊಳ್ಯಾಗನ ಬದಕತಾವು ಅಂತ ನಮ್ಮವ್ವ ಹೇಳತಿದ್ಲವಾ. ಬ್ಯಾರೆ ನೀರಾಗ ಬಿಟ್ಟರ ಬಿಟ್ಟಂಗ ಅಲ್ಲ."

"ಹಂಗಾರ ಹೊಳ್ಳಿ ಹೋಗೂಣು," ಅಂದಳು ಮಗಳು.

ಯಜಮಾನರು ಬಿಸಿಲು ನೋಡಿದರು. ತಿರುಗಿ ಹೋಗಿ ಬಂದರೆ ಮನೆ ಮುಟ್ಟುವಾಗ ಕತ್ತಲೆ. ಅತ್ತೆಯ ಊಟ ತಪ್ಪುತ್ತದೆ. ನಾಳೆ ಬೆಳಕು ಹರಿಯುವವರೆಗೆ ಅವರಿಗೆ ನೀರೂ ಇಲ್ಲ. "ಅವ್ವಾ, ನಿಂದ ಹೆಂಗ?" ಅಂದರು.

"ನಂದ ಒಂದ ಹೊತ್ತು ಬಿಟ್ಟರ ಏನ ಆಗತೈತಿ? ಕಾರ ತಿರಗಸಪಾ," ಅಂದರು ಅತ್ತೆ. ತಮ್ಮ ಬಾಟಲಿಯ ನೀರನ್ನು ಕುಡಿದು, ಬಾಯಿ ಒರೆಸಿಕೊಂಡು, ಎಲ್ಲರಿಗಿಂತ ಮೊದಲು ಕಾರಿನಲ್ಲಿ ಹೋಗಿ ಕೂತರು. ನಾನು ಗೊಣಗಿದೆ. ಒಂದು ಡಬ್ಬಿ ನೀರಿಗಾಗಿ ಬಂದ ದಾರಿಯಷ್ಟೂ ತಿರುಗಿ ಹೋಗುವ ಮಂದಿಯನ್ನು ನಾನು ನಮ್ಮ ಮನೆಯಲ್ಲೇ ನೋಡಬೇಕು. ದಾರಿಯುದ್ದಕ್ಕೂ ಮಗಳು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಪ್ರತಿ ತಗ್ಗಿಗೂ "ಪಪ್ಪಾ, ಹಳೂಕ," ಅನ್ನುತ್ತಿದ್ದಳು.

ಹೊಳೆ ಮುಟ್ಟಿದಾಗ ಸೂರ್ಯ ಆಚೆ ದಂಡೆಯ ಕಬ್ಬಿನ ಮೇಲೆ ಕೂತಿದ್ದ. ದಂಡೆಯಲ್ಲಿ ಯಾರೂ ಇರಲಿಲ್ಲ. ಯಜಮಾನರು ಪ್ಯಾಂಟು ಮಡಚತೊಡಗಿದರು. "ಕೊಡ ಇಲ್ಲೆ, ಬಿಟ್ಟ ಬರ್ತೇನಿ."

ಮಗಳು ಕೊಡಲಿಲ್ಲ. "ಮರತಾಕಿ ನಾನು. ನಾನ ಬಿಡ್ತೀನಿ."

ಕೆಸರು ಗುಂಡಿಯ ಅಂಚಿನಲ್ಲಿ ನಿಂತಳು. ನಿನ್ನೆ ನಿಂತ ಜಾಗವೇ ಅದು. ಒಂದು ಹೆಜ್ಜೆ ಹಿಂದೆ ಸರಿದಳು, ಮತ್ತೆ ಮುಂದೆ ಬಂದಳು. ನನ್ನ ಬಾಯಿ ಸುಮ್ಮನಿರಲಿಲ್ಲ. "ಅಲ್ಲೇ ಬಿಡ, ಅದೂ ಹೊಳಿನ," ಅಂದೆ.

"ಇದು ನಿಂತ ನೀರ ಮಮ್ಮಿ. ಹೊಳಿ ಅಲ್ಲೈತಿ," ಅಂದಳು, ತಿರುಗಿ ನೋಡದೆ.

ಕೆಸರಿಗೆ ಕಾಲಿಟ್ಟಳು. ನೀರು ಹಿಮ್ಮಡಿಗೆ ಬಂತು, ಆಮೇಲೆ ಮೀನಖಂಡಕ್ಕೆ. ಡಬ್ಬಿಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಕಣ್ಣನ್ನು ಅದರ ಮೇಲೇ ಇಟ್ಟು ನಡೆದಳು. ಮರಳಿನ ಮೇಲೆ ಒಂದು ಸಲ ನಿಂತು ಜೋರಾಗಿ ಉಸಿರೆಳೆದಳು. ನಾನು ಓಡಲು ಮುಂದಾದೆ. ಅತ್ತೆ ನನ್ನ ತೋಳು ಹಿಡಿದರು. ಎಪ್ಪತ್ತು ದಾಟಿದ ಆ ಕೈಯ ಹಿಡಿತ ನನಗೆ ಈಗಲೂ ನೆನಪಿದೆ. ನೀರು ಮೊಣಕಾಲು ದಾಟಿತು. ಫ್ರಾಕು ಉಬ್ಬಿ ಮೇಲೆ ತೇಲಿತು. ಟೊಂಕದವರೆಗೆ ಬಂದಾಗ ಹರಿವು ಅವಳಿಗೆ ತಾಗಿರಬೇಕು, ಸ್ವಲ್ಪ ವಾಲಿದಳು, ಕಾಲೂರಿ ನಿಂತಳು. ಆಮೇಲೆ ಬಗ್ಗಿ, ಡಬ್ಬಿಯ ಅಂಚು ನೀರಿಗೆ ಹಚ್ಚಿ, ಹಳೂಕ, ಬಹಳ ಹಳೂಕ ಬಗ್ಗಿಸಿದಳು. ಖಾಲಿಯಾದ ಡಬ್ಬಿಯಲ್ಲಿ ಹೊಳೆಯ ನೀರನ್ನೇ ತುಂಬಿ ಇನ್ನೊಮ್ಮೆ ತೊಳೆದು ಬಿಟ್ಟಳು, ಒಂದೂ ಉಳಿಯಬಾರದು ಅಂತ.

ನೆಟ್ಟಗಾಗಿ ಸುತ್ತ ನೋಡಿದಾಗಲೇ ಅವಳಿಗೆ ತಾನೆಲ್ಲಿ ನಿಂತಿದ್ದೇನೆ ಅನ್ನುವುದು ತಿಳಿದದ್ದು. ನಾಲ್ಕೂ ಕಡೆ ಹೊಳೆ. ಚೀರುತ್ತಾಳೆ ಅಂದುಕೊಂಡೆ.

"ಮಮ್ಮಿ," ಅಂದಳು, "ಕಾಲಿಗೆ ಸಣ್ಣ ಮೀನ ಮುಟ್ಟಾಕತ್ತಾವು."

"ಏನ ಮಾಡಾಕತ್ತಾವು?" ಅಂತ ಮಗ ದಂಡೆಯಿಂದ ಕೂಗಿದ.

"ಕಚಗುಳಿ ಇಡಾಕತ್ತಾವು!" ಅಂತ ನಕ್ಕಳು.

ಈ ಸಂಗತಿ ಕೇಳಿದ ಕೆಲವರು, ಅತ್ತೆ ಬೇಕಂತಲೇ ಡಬ್ಬಿ ಬುಟ್ಟಿಗೆ ಸೇರಿಸಿರಬೇಕು ಅನ್ನುತ್ತಾರೆ. ಅಂಥವರಿಗೆ ನನ್ನ ಅತ್ತೆ ಗೊತ್ತಿಲ್ಲ. ಇರುವೆ ಕಂಡರೆ ಹೆಜ್ಜೆ ಬದಲಿಸುವ ಹೆಂಗಸು ಅವರು, ಜೀವಗಳನ್ನು ಮುಂದಿಟ್ಟುಕೊಂಡು ಆಟ ಆಡುವವರಲ್ಲ. ಡಬ್ಬಿಯನ್ನು ಬುಟ್ಟಿಗೆ ತುಂಬಿದ್ದು ನನ್ನ ಕೈಯೇ. ಹಾಗಾಗಿ ಮಗಳನ್ನು ನೀರಿಗಿಳಿಸಿದ ಹೆಸರಿನಲ್ಲಿ ಒಂದು ಪಾಲು ನನಗೂ ಬರಬೇಕು ಅಂತ ನಾನು ಯಜಮಾನರ ಹತ್ತಿರ ವಾದ ಮಾಡುತ್ತೇನೆ. ಅವರು ಒಪ್ಪುವುದಿಲ್ಲ.

ಮನೆ ಮುಟ್ಟಿದಾಗ ಕತ್ತಲಾಗಿತ್ತು. ಅತ್ತೆ ಉಪವಾಸವೇ ಮಲಗಿದರು.

ಸೋಮವಾರ ಬೆಳಿಗ್ಗೆ ಯಜಮಾನರು ಎಂದಿನಂತೆ ಗಾಡಿ ಹೊರಗೆ ತಂದರು. ಮಗಳು ಚೀಲ ಹೆಗಲಿಗೇರಿಸಿಕೊಂಡು ಗೇಟಿನಲ್ಲಿ ನಿಂತಿದ್ದಳು. ದಾರಿಯಲ್ಲಿ ಹುಡುಗಿಯರು ಬರುತ್ತಿದ್ದರು.

"ಪಪ್ಪಾ, ಗಾಡಿ ಬ್ಯಾಡ. ನಾ ನಡಕೊಂಡ ಹೊಕ್ಕೇನಿ."

ನಾನು ಕೈಯಲ್ಲಿದ್ದ ಹಿಟ್ಟನ್ನೂ ತೊಳೆಯದೆ ಮಾಳಿಗೆಗೆ ಓಡಿದೆ. ಅತ್ತೆ ಕೆಳಗೆ ಅಂಗಳದಲ್ಲಿ ಕೊಡದ ಬಾಯಿಗೆ ಬಟ್ಟೆ ಹಾಸಿ ಅಂದಿನ ಮೊದಲ ನೀರು ಸೋಸುತ್ತಿದ್ದರು. ಇನ್ನೂ ಬಾಯಿಗೆ ಏನೂ ಹಾಕಿರಲಿಲ್ಲ. ಮಗಳು ಸೇತುವೆಯ ಹತ್ತಿರ ಹೋಗಿ ನಿಂತಳು. ಗೆಳತಿಯರು ಮುಂದೆ ಹೋಗಿ, ತಿರುಗಿ, ಕಾದರು. ಅವಳು ಕಬ್ಬಿಣದ ಕಂಬಿಯ ಮೇಲೆ ಕೈ ಇಟ್ಟಳು, ನಡೆದಳು, ನಟ್ಟನಡುವೆ ನಿಂತು ಬಗ್ಗಿ ನೀರು ನೋಡಿದಳು. ನನಗೆ ಅಳು ಬಂತು. ಹಿಟ್ಟಿನ ಕೈಯಿಂದಲೇ ಕಣ್ಣು ಒರೆಸಿಕೊಂಡೆ. ನೋಡಿದಾಗ ಅವಳು ಆಚೆ ದಂಡೆಯಲ್ಲಿ ಹುಡುಗಿಯರ ನಡುವೆ ಇದ್ದಳು, ಯಾವ ಜಡೆ ಅವಳದು ಅಂತ ಗುರುತೂ ಸಿಗಲಿಲ್ಲ.

"ದಾಟಿದಳೇನ?" ಅಂತ ಅತ್ತೆ ಕೆಳಗಿನಿಂದ, ಕೆಲಸದಿಂದ ತಲೆ ಎತ್ತದೆ ಕೇಳಿದರು.

"ದಾಟಿದಳ್ರಿ ಅತ್ತಿ," ಅಂದೆ.

ಆಗ ಅವರು ಒಂದು ಲೋಟ ನೀರು ತುಂಬಿಕೊಂಡು ಕುಡಿದರು.